ಉಪ್ಪಿನ ಮರಿಗೆಯ ಹಿಮ

ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವಲ್ಲಿ ಈಗ ಬೇರೆ ಏಜೆಂಟರು ಬಂದಿದ್ದಾರೆ. ಎಳೆಯ ಪ್ರಾಯ, ಒಳ್ಳೆಯ ಗಂಟಲು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಕೂಗು ಮುಗಿಯುವ ಮೊದಲೇ ಬಸ್ಸಿನ ಬದಿಗೆ ಕೈಯಿಂದ ಬಡಿಯುತ್ತಾರೆ, ಬಸ್ಸು ಹೊರಡುತ್ತದೆ. ಯಾರಿಗೂ ತಡವಾಗುವುದಿಲ್ಲ. ನಾನು ಹೋಟೆಲಿನ ಒಳಗೆ ಚಹಾ ಸೋಸುತ್ತಾ ಅದನ್ನು ಕೇಳುತ್ತೇನೆ. ಕೂಗಿನ ನಂತರ ಸ್ವಲ್ಪ ಮೌನ ಬರಬೇಕೆಂದು ನನ್ನ ಕಿವಿ ಈಗಲೂ ಕಾಯುತ್ತದೆ. ಅದು ಬರುವುದಿಲ್ಲ.

ಮೊದಲಿದ್ದವರು ಹಾಗೆ ಮಾಡುತ್ತಿರಲಿಲ್ಲ. ಊರುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಕೂಗಿದ ಮೇಲೆ ಬಲಗೈ ಎತ್ತಿ, ತಲೆಯನ್ನು ಎಡಕ್ಕೆ ಓರೆ ಮಾಡಿ, ಕಿವಿಯನ್ನು ನೆಲದ ಕಡೆಗೆ ಬಾಗಿಸಿ ನಿಲ್ಲುತ್ತಿದ್ದರು. ಎತ್ತಿದ ಕೈ ಇಳಿಯುವವರೆಗೆ ಬಸ್ಸು ಬಿಡುವ ಹಾಗಿಲ್ಲ. ಡ್ರೈವರುಗಳಿಗೆ ಇದರಿಂದ ದಿನವೂ ಸಿಟ್ಟು, ದಿನವೂ ನಗು.

"ಎಂತ ಮಿಲಿಟ್ರಿ, ಯಾರು ಬರ್ಲಿಕ್ಕುಂಟು? ನಿನ್ನ ಮದುಮಗಳಾ?"

"ಒಂದು ಗಳಿಗೆ ನಿಲ್ಲು ಮಾರಾಯ. ಕೂಗಿದ ಮೇಲೆ ಕೇಳ್ಬೇಕಲ್ಲ?"

"ಕೇಳ್ಲಿಕ್ಕೆ ಎಂತ ಉಂಟು? ಬರುವವ ಓಡಿಕೊಂಡು ಬರ್ತಾನೆ."

"ಓಡ್ಲಿಕ್ಕೆ ಆಗದವನಾದ್ರೆ?"

ಡ್ರೈವರು ಹಾರ್ನು ಒತ್ತುತ್ತಿದ್ದ. ಇವರ ಕೈ ಇಳಿಯುತ್ತಿರಲಿಲ್ಲ.

ಮಿಲಿಟ್ರಿ ಎಂಬುದು ಊರು ಇಟ್ಟ ಹೆಸರು. ಗೌರವಕ್ಕೆ ಇಟ್ಟದ್ದಲ್ಲ. ಎಡಗಾಲಿನ ಬೆರಳುಗಳನ್ನು ಹಿಮ ತಿಂದಿತ್ತು. ಚಪ್ಪಲಿಯ ಮುಂದಿನ ಖಾಲಿ ಜಾಗಕ್ಕೆ ಹಳೆ ಬಟ್ಟೆ ತುರುಕಿ, ದೋಣಿಯಲ್ಲಿ ನಿಂತವರ ಹಾಗೆ ಹೊಯ್ದಾಡುತ್ತಾ ನಡೆಯುತ್ತಿದ್ದರು. ಕಳೆದ ಮಳೆಗಾಲದ ಸೋಣ ತಿಂಗಳಲ್ಲಿ ಕೊಕ್ಕಡದ ತಂಗಿಯ ಮನೆಯಲ್ಲಿ ತೀರಿಕೊಂಡರು. ನಾನು ಅವರ ಕುಟುಂಬದವಳಲ್ಲ, ಆದ್ದರಿಂದ ನನಗೆ ಸೂತಕವಿಲ್ಲ. ಸೂತಕವಿಲ್ಲದವರ ದುಃಖಕ್ಕೆ ಕಳೆಯುವ ದಿನವೂ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ತುಳು. ಆಗ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯಬೇಕಾಗಿದೆ. ಶಾಲೆಯಲ್ಲಿ ಕಲಿತ ಬರವಣಿಗೆ ಅದೊಂದೇ.

ನಮ್ಮಣ್ಣ ಮತ್ತು ಅವರು ಐವತ್ತರ ದಶಕದ ಕೊನೆಯಲ್ಲಿ ಮಂಗಳೂರಿಗೆ ಹೋಗಿ ಒಂದೇ ದಿನ ಪಟ್ಟಾಳಕ್ಕೆ ಸೇರಿದವರು. ಇಬ್ಬರನ್ನೂ ಉತ್ತರದ ಗಡಿಗೆ ಕಳಿಸಿದರು. ಬೆಟ್ಟಗಳ ನಡುವೆ ದಾರಿ ಮಾಡುವ ತಂಡದಲ್ಲಿ ಒಟ್ಟಿಗಿದ್ದರು. ಇಳಿಜಾರಿನಿಂದ ಹಿಮ ಜಾರಿ ಬಿದ್ದು ಅಣ್ಣ ಅದರ ಅಡಿಗೆ ಹೋದ ಸುದ್ದಿ ನಮಗೆ ತಂತಿಯಲ್ಲಿ ಬಂತು. ದೇಹ ಸಿಗಲಿಲ್ಲ. ಅಪ್ಪ ಮೊದಲೇ ತೀರಿಹೋಗಿದ್ದರು. ಹೋಟೆಲಿನ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಅಮ್ಮ ಮತ್ತು ನಾನು ಅದರೊಳಗೆ ಕೂತೆವು. ಅಮ್ಮ ಊಟ ಬಿಟ್ಟಳು. ನೀರಿಗೂ ಒತ್ತಾಯ ಮಾಡಬೇಕಾಗಿತ್ತು.

ಆಮೇಲೆ ಒಂದು ದಿನ ಅಣ್ಣನ ಜೊತೆಗಿದ್ದ ಅವರು ಊರುಗೋಲು ಹಿಡಿದು ಬಂದು ಮೆಟ್ಟಿಲ ಹತ್ತಿರ ನಿಂತರು. ಅಮ್ಮ ಗೆರಸೆಯಲ್ಲಿ ಹೊದಳಿನ ಸಿಪ್ಪೆ ಹೆಕ್ಕುತ್ತಿದ್ದಳು. ಭತ್ತ ಹುರಿದರೆ ಬಾಯಿ ಬಿಟ್ಟು ಅರಳುತ್ತದಲ್ಲ, ಆ ಹೊದಳು. ಹೋಟೆಲಿಗೆಂದು ಹುರಿದದ್ದು. ಬಂದವರು ಯಾರೆಂದು ತಿಳಿದ ಮೇಲೂ ಅಮ್ಮ ಎದ್ದು ನಿಲ್ಲಲಿಲ್ಲ. ಹೇಗೆ ಆಯಿತು, ಎಲ್ಲಿ ಆಯಿತು ಎಂದು ವಿಚಾರಿಸಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಅವನಿಗೆ ತುಂಬ ಚಳಿ ಆಯ್ತಾ ಮಗಾ?"

ಅಣ್ಣ ಚಳಿಗೆ ಆಗುವವನೇ ಅಲ್ಲ. ನಮ್ಮ ಊರಿನ ಡಿಸೆಂಬರಿನ ಚಳಿಗೇ ಒಲೆಯ ಬುಡ ಬಿಟ್ಟು ಏಳದವನು. ಆ ಪ್ರಶ್ನೆ ಅಮ್ಮನನ್ನು ಒಳಗಿನಿಂದ ತಿನ್ನುತ್ತಿತ್ತು ಎಂದು ನನಗೆ ಗೊತ್ತಾದದ್ದೂ ಆಗಲೇ.

ಅವರು ಕೂತರು. ಗೆರಸೆಯಿಂದ ಒಂದು ಹಿಡಿ ಹೊದಳು ತೆಗೆದು ಮೇಜಿನ ಮೇಲೆ ರಾಶಿ ಹಾಕಿದರು.

"ಇಲ್ಲಮ್ಮ. ಬರ್ಫಿನ ಒಳಗೆ ಚಳಿ ಇಲ್ಲ. ಚಳಿ ಹೊರಗೆ, ಗಾಳಿಗೆ. ನೋಡಿ, ಹೊಸ ಬರ್ಫು ಈ ಹೊದಳಿನ ಹಾಗೆ. ಒಂದೊಂದು ಚೂರಿಗೂ ಆರು ಕೈ, ಕೈಗೂ ಸಣ್ಣ ಸಣ್ಣ ಕೈ. ಒಂದು ಇನ್ನೊಂದನ್ನು ಹಿಡಿದುಕೊಳ್ತದೆ, ಒತ್ತಾಗಿ ಕೂತುಕೊಳ್ಳುದಿಲ್ಲ. ನಡುವೆ ಎಲ್ಲ ಗಾಳಿ. ಅಲ್ಲಾಡದ ಗಾಳಿ. ಮೈಯ ಬಿಸಿಯನ್ನು ಅದು ಹೊರಗೆ ಬಿಡುದಿಲ್ಲ. ಬೈಹುಲ್ಲಿನ ರಾಶಿಗೆ ಕೈ ಹಾಕಿದ್ರೆ ಹೇಗೆ ಬೆಚ್ಚಗೆ ಉಂಟು? ಹಾಗೆ. ಅಲ್ಲಿಯ ನಾಯಿಗಳು ಗುಂಡಿ ತೋಡಿ ಅದರೊಳಗೇ ಮಲಗ್ತವೆ."

"ಒಳಗೆ ಗಾಳಿ ಉಂಟಾ?"

"ಉಂಟು. ಹೆಚ್ಚು ಪಾಲು ಗಾಳಿಯೇ."

ಅಮ್ಮ ಆ ರಾಶಿಯ ಒಳಗೆ ಎರಡು ಬೆರಳು ಹಾಕಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟಳು. ಆಮೇಲೆ ಎದ್ದು ಅವರಿಗೆ ಸಜ್ಜಿಗೆ ಅವಲಕ್ಕಿ ಕೊಟ್ಟಳು, ಎರಡನೇ ಸಲವೂ ಹಾಕಿದಳು. ತಾನೂ ಒಂದು ತಟ್ಟೆ ಹಿಡಿದು ಕೂತಳು. ತಂತಿ ಬಂದ ಮೇಲೆ ಅಮ್ಮ ತಾನಾಗಿ ತಿಂದದ್ದು ಅಂದೇ ಮೊದಲು. ಅವರ ಮುಖದಲ್ಲಿ ಆಗ ಇದ್ದ ಸಮಾಧಾನವನ್ನು ನಾನು ನೋಡಿದ್ದೇನೆ. ಆ ಮುಖವನ್ನು ಮತ್ತೆ ಎಂದೂ ನೋಡಲಿಲ್ಲ.

ಬಂಟ್ವಾಳ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಮಾವ, ಅಮ್ಮನ ತಮ್ಮ, ಬೊಜ್ಜಕ್ಕೆ ದಿನ ನೋಡಿಸಿಕೊಂಡು ಬಂದರು. ಸತ್ತವರ ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತೇವೆ. ದೇಹ ಸಿಗದಿದ್ದರೆ ಹುಲ್ಲಿನ ಗೊಂಬೆ ಮಾಡಿ ಸುಡುವ ಕ್ರಮ ಉಂಟು. ಅದಾದ ಮೇಲೆ ಮನೆಯವರೊಬ್ಬರು ಹೊಸ್ತಿಲಲ್ಲಿ ನಿಂತು ಸತ್ತವರನ್ನು ಹೆಸರು ಹಿಡಿದು ಒಳಗೆ ಕರೆಯಬೇಕು. ಒಳಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಸುಮ್ಮನೆ ನಿಲ್ಲಬೇಕು. ಕರೆಯದೆ ಬಿಟ್ಟರೆ ಸತ್ತವರು ಹಿರಿಯರ ಜೊತೆ ಸೇರುವುದಿಲ್ಲ. ಮನೆಯ ಹೊರಗೇ ನಿಂತಿರುತ್ತಾರೆ.

"ಗೊಂಬೆ ಸುಡುದಾ? ಬದುಕಿದವನ ಗೊಂಬೆ ಸುಡುದಾ?" ಎಂದಳು ಅಮ್ಮ.

"ಯಾರು ಬದುಕಿದ್ದು ಅಕ್ಕ?"

"ಅದರೊಳಗೆ ಬೆಚ್ಚಗೆ ಉಂಟಂತೆ. ಗಾಳಿ ಉಂಟಂತೆ. ಅವನ ದೋಸ್ತಿಯೇ ಹೇಳಿದ್ದು. ಹಿಮಾಲಯದಲ್ಲಿ ಋಷಿಗಳು ವರ್ಷಗಟ್ಟಲೆ ಕೂತುಕೊಳ್ಳುದಿಲ್ವಾ? ಅವ ಮಲಗಿದ್ದಾನೆ. ಬಿಸಿಲು ಬಂದು ಅದು ಕರಗುವಾಗ ಏಳ್ತಾನೆ."

ಮಾವ ಎದ್ದು ಹೊರಗೆ ಹೋದರು. ಅಂದೂ ನಮ್ಮನ್ನು ನೋಡಲು ಬಂದಿದ್ದ ಅಣ್ಣನ ದೋಸ್ತಿ ಬಸ್ಸಿನ ಬೆಂಚಿನಲ್ಲಿ ಕೂತಿದ್ದರು. ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಮಾವ ಅಂದರು:

"ನಿನ್ನ ಹತ್ರ ಯಾರು ಪಾಠ ಕೇಳಿದ್ದು ಮಾರಾಯ? ಸತ್ತ ಅಂತ ಎರಡು ಅಕ್ಷರ ಹೇಳಿ ಹೋಗ್ಬಾರ್ದಿತ್ತಾ? ನಮ್ಮ ಮನೆಯ ಸೂತಕವನ್ನು ಬೈಹುಲ್ಲು ಮುಚ್ಚಿ ಬೆಚ್ಚಗೆ ಇಟ್ಟೆಯಲ್ಲ!"

ಕೊಕ್ಕಡಕ್ಕೆ ಹೋಗುವ ಬಸ್ಸಿಗೆಂದು ಕೂತಿದ್ದ ಅವರು ಅಂದು ಹೋಗಲಿಲ್ಲ. ಆಮೇಲೆ ಇಲ್ಲಿಯೇ ಬಸ್ಸಿನ ಏಜೆಂಟರ ಕೆಲಸ ಹಿಡಿದರು. ಕಾಲು ಸರಿ ಇಲ್ಲದವರಿಗೆ ದಿನವಿಡೀ ನಿಲ್ಲುವ ಕೆಲಸ. ತಂಗಿಯ ಮನೆಯಲ್ಲಿ ಕೂತು ಉಣ್ಣಬಹುದಿತ್ತು. ತಾನು ಆಡಿದ ಮಾತನ್ನು ಬಿಟ್ಟು ಹೋಗಲಾಗದೆ ಅದರ ಎದುರಿನಲ್ಲೇ ನಿಂತರು ಎಂದು ನನಗೆ ಆಮೇಲೆ ಅರ್ಥವಾಯಿತು.

ಅವರ ಕಿಸೆಯಲ್ಲಿ ಒಂದು ಸಣ್ಣ ಭೂತಕನ್ನಡಿ ಇರುತ್ತಿತ್ತು. ಮೂಡುಬಿದಿರೆಯ ಗಡಿಯಾರ ರಿಪೇರಿಯವರೊಬ್ಬರಿಂದ ಕೇಳಿ ತಂದದ್ದು. ಅಲ್ಲಿ ಗಡಿಯಲ್ಲಿ ಹಿಮದ ಮೇಲೆ ಕಣ್ಣಿಡುವ ಒಬ್ಬ ಆಫೀಸರರ ಹತ್ತಿರ ಅಂಥದು ಇತ್ತಂತೆ. ಅವರಿಗೆ ಗುಂಡಿ ತೋಡಿ ಕೊಡುವ ಕೆಲಸ ಇವರದು. ಹಿಮದಲ್ಲಿ ಆಳುದ್ದದ ಗುಂಡಿ ತೋಡಿ, ಅದರ ಗೋಡೆಯ ಒಂದೊಂದು ಪದರದಿಂದ ಚಿಟಿಕೆ ಚಿಟಿಕೆ ತೆಗೆದು ಕಪ್ಪು ಬಟ್ಟೆಯ ಮೇಲೆ ಉದುರಿಸಿ ಆಫೀಸರರು ನೋಡುತ್ತಿದ್ದರಂತೆ. ಉಸಿರು ತಾಗಿದರೆ ಕರಗುತ್ತದೆಂದು ಬಾಯಿಗೆ ಶಾಲು ಕಟ್ಟಿಕೊಂಡು. ಒಮ್ಮೊಮ್ಮೆ ಇವರಿಗೂ ನೋಡಲು ಕೊಡುತ್ತಿದ್ದರು.

"ಮೇಲಿಂದ ನೋಡಿದ್ರೆ ಎಲ್ಲ ಒಂದೇ ಬಿಳಿ ತಂಗೀ," ಎನ್ನುತ್ತಿದ್ದರು ಅವರು. ಇದು ಅವರ ಬಾಯಿಪಾಠದ ಮಾತು. "ಕನ್ನಡಿ ಇಟ್ರೆ ಗೊತ್ತಾಗ್ತದೆ. ನೀರು ಅದೇ, ಬರ್ಫು ಅದೇ. ಹರಳಿನ ಆಕಾರ ಬೇರೆ ಆದ್ರೆ ಅದರ ಗುಣವೇ ಬೇರೆ. ಒಂದು ಮನುಷ್ಯನನ್ನು ಮಲಗಿಸ್ತದೆ, ಒಂದು ಹುಗಿದು ಹಾಕ್ತದೆ."

ಆ ಕನ್ನಡಿಯಲ್ಲಿ ಅವರು ಸಕ್ಕರೆ ನೋಡುತ್ತಿದ್ದರು, ರವೆ ನೋಡುತ್ತಿದ್ದರು. ಬೇಸಿಗೆಯಲ್ಲಿ ಸೈಕಲಿನ ಮೇಲೆ ಐಸ್‌ಕ್ಯಾಂಡಿ ಮಾರುವವನು ಬಂದರೆ ಮಕ್ಕಳಿಗಿಂತ ಮೊದಲು ಇವರು ಹೋಗುತ್ತಿದ್ದರು. ಡಬ್ಬಿಯ ಮುಚ್ಚಳದ ಒಳಬದಿಗೆ ಕಟ್ಟಿದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ಚಪ್ಪಲಿಯ ಕಪ್ಪು ಪಟ್ಟಿಯ ಮೇಲೆ ಹಾಕಿ ಬಗ್ಗುತ್ತಿದ್ದರು.

"ಮಿಲಿಟ್ರಿ ಅಣ್ಣ, ಕ್ಯಾಂಡಿ ಚೀಪ್ಲಿಕ್ಕೆ ಇರುದು. ಅದರ ಜಾತಕ ಎಂತಕ್ಕೆ ನೋಡ್ತೀರಿ?"

"ಚೀಪುವವರೆಲ್ಲ ಜಾತಕ ನೋಡಿ ಚೀಪಿದ್ರೆ ನಿನ್ನ ವ್ಯಾಪಾರ ಮುಗೀತದೆ."

"ನನ್ನ ಕ್ಯಾಂಡಿಯಲ್ಲಿ ದೋಷ ಎಂತ ಉಂಟು?"

"ದೋಷ ಅಲ್ಲ ಮಾರಾಯ. ಕರಗಿತು, ಅಷ್ಟೇ. ನಮ್ಮ ಊರಿನಲ್ಲಿ ನೋಡಿ ಮುಗಿಸ್ಲಿಕ್ಕೆ ಪುರುಸೊತ್ತು ಕೊಡುದಿಲ್ಲ ಇದು."

ಅವನು ನಕ್ಕ. ಇವರೂ ನಕ್ಕರು. ಚಪ್ಪಲಿಯ ಪಟ್ಟಿಯ ಮೇಲೆ ಒಂದು ಹನಿ ನೀರು ಇತ್ತು. ಎಲ್ಲರೂ ಹೋದ ಮೇಲೂ ಅವರು ಅದನ್ನು ನೋಡುತ್ತಾ ಕೂತದ್ದನ್ನು ನಾನು ಕಂಡಿದ್ದೇನೆ.

ಆಟಿ ತಿಂಗಳ ಒಂದು ಮಧ್ಯಾಹ್ನ. ಗಿರಾಕಿಗಳಿಲ್ಲ. ಅಮ್ಮ ಒಳಗೆ ಮಲಗಿದ್ದಳು. ಉಪ್ಪು ಹಾಕಿಡುವ ಮರದ ಮರಿಗೆಯಲ್ಲಿ ಕಲ್ಲುಪ್ಪು ತೇವಕ್ಕೆ ಕಟ್ಟಿಕೊಂಡು ಒಂದೇ ಗಟ್ಟಿಯಾಗಿತ್ತು. ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಆಗುವುದೇ. ನಾನು ಒನಕೆಯ ತುಂಡಿನಿಂದ ಕುಟ್ಟುತ್ತಿದ್ದೆ. ಮಳೆಗೆ ಒಳಗೆ ಬಂದಿದ್ದ ಅವರು ನನ್ನ ಕೈ ತಡೆದು, ಮರಿಗೆಯನ್ನು ಬೆಳಕಿಗೆ ತಿರುಗಿಸಿ, ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ಎರಡು ಹರಳು ತಾಗುವಲ್ಲಿ ನೋಡು. ಎಂತ ಕಾಣ್ತದೆ?"

ತಾಗುವಲ್ಲಿ ಉಪ್ಪೇ ಸಣ್ಣ ಸೇತುವೆಯ ಹಾಗೆ ಬೆಳೆದಿತ್ತು. ಎರಡು ಹರಳುಗಳಿಗೆ ಒಂದೇ ಕುತ್ತಿಗೆ.

"ಹೊಸ ಬರ್ಫು ಸ್ವಲ್ಪ ದಿನದಲ್ಲಿ ಕೈಗಳನ್ನು ಕಳೆದುಕೊಳ್ತದೆ," ಎಂದರು. "ಸಾಬಕ್ಕಿಯ ಹಾಗೆ ಉರುಟಾಗ್ತದೆ, ಪದರ ಪದರ ಕೂತು ಗಟ್ಟಿ ಹಲಗೆ ಆಗ್ತದೆ. ಮೇಲೆ ನಡೆದ್ರೆ ಭದ್ರ ಅಂತ ಅನ್ನಿಸ್ತದೆ. ಆದ್ರೆ ತೀರ ಅಡಿಯಲ್ಲಿ, ನೆಲದ ಬಿಸಿ ಏರುವಲ್ಲಿ, ಹರಳುಗಳು ದೊಡ್ಡದಾಗ್ತವೆ, ಸಕ್ಕರೆಯ ಹಾಗೆ. ಹಿಡಿಯಲ್ಲಿ ಹಿಡಿದ್ರೆ ಉಂಡೆ ಕಟ್ಟುದಿಲ್ಲ. ಒಂದಕ್ಕೆ ಇನ್ನೊಂದರ ಹಂಗಿಲ್ಲ. ಅಂಥದ್ರ ಮೇಲೆ ಹಲಗೆ ಕೂತಿತ್ತು. ನಾವು ಮೇಲೆ ಹೋಗ್ತಾ ಇದ್ದೆವು. ಜಾರಿತು."

ಅವರು ಮರಿಗೆಯ ಗಟ್ಟಿಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರು.

"ಜಾರುವಾಗ ಎಲ್ಲ ಒಡೆದು ಹಿಟ್ಟಾಗ್ತದೆ. ಹಿಟ್ಟು ನಿಂತ ಕೂಡ್ಲೇ ಒಂದಕ್ಕೊಂದು ಎಲ್ಲ ಕಡೆ ತಾಗ್ತದೆ. ತಾಗಿದಲ್ಲೆಲ್ಲ ಈ ಕುತ್ತಿಗೆ ಬೆಳೀತದೆ. ಉಪ್ಪಿಗೆ ಒಂದು ಮಳೆಗಾಲ ಬೇಕು. ಬರ್ಫಿಗೆ ನಾವು ಒಂದು ಚಾ ಕುಡಿಯುವಷ್ಟು ಹೊತ್ತು ಸಾಕು. ನಮ್ಮ ಪಿಕ್ಕಾಸು ಪುಟೀತಿತ್ತು ತಂಗೀ. ಅಮ್ಮನಿಗೆ ನಾನು ತೋರಿಸಿದ್ದು ಹೊದಳು. ನಿನ್ನಣ್ಣ ಇದ್ದದ್ದು ಇದರೊಳಗೆ."

ನಾನು ಕನ್ನಡಿಯನ್ನು ಅವರ ಕೈಗೆ ವಾಪಸು ಕೊಟ್ಟೆ.

"ಸುಳ್ಳು ಹೇಳ್ಲಿಲ್ಲ ನಾನು. ಬೇರೆ ಬರ್ಫಿನ ಸತ್ಯ ಹೇಳಿದೆ. ಅವರ ಮುಖ ನೋಡಿ ಆಗ ಬಾಯಿಗೆ ಬಂದದ್ದು ಅದು."

ಮಳೆ ಜೋರಾಯಿತು. ಅವರ ಮಾತು ಕೇಳಲು ನಾನು ಹತ್ತಿರ ಬಗ್ಗಬೇಕಾಯಿತು. ಹಿಮ ಜಾರಿದ ದಿನ ಅವರು ಬರ್ಫಿನ ಮೇಲೆ ಮೊಣಕಾಲೂರಿ ಅಣ್ಣನನ್ನು ಕೂಗಿದ್ದರು. ಕಿವಿ ನೆಲಕ್ಕೆ ಇಟ್ಟು ಕೇಳಿದ್ದರು. ಮತ್ತೆ ಕೂಗಿದ್ದರು. ಏನೂ ಕೇಳಲಿಲ್ಲ. ಇನ್ನೊಂದು ಇಳಿಜಾರು ಬೀಳಬಹುದೆಂದು ಇಳಿದು ಹೋಗಲು ಹುಕುಂ ಆಯಿತು. ಹೊರಡುವಾಗ, ತಾನೇ ಎಂದು ಅವನಿಗೆ ಗುರುತಾಗಲಿ ಎಂದು, ತುಳುವಿನಲ್ಲಿ ಕೂಗಿ ಹೇಳಿದರಂತೆ: "ಎಲ್ಲೆ ಬರ್ಪೆ." ನಾಳೆ ಬರುತ್ತೇನೆ ಎಂದು. ನಾಳೆಗೆ ಹೊಸ ಹಿಮ ಬಿದ್ದು ದಾರಿ ಮುಚ್ಚಿತು. ಇವರ ಕಾಲು ಕಪ್ಪಾಗಿತ್ತು. ಇವರನ್ನು ಆಸ್ಪತ್ರೆಗೆ ಹೊತ್ತರು.

"ಅಲ್ಲಿಗೆ ಆ ಆಫೀಸರರು ಬಂದಿದ್ರು. ಅವರ ಹತ್ರ ಕೇಳಿದೆ, ನಮ್ಮ ಕೂಗು ಅಡಿಗೆ ಹೋಗ್ತದಾ ಅಂತ. ಅವರು ಪಾಪ, ಸಮಾಧಾನಕ್ಕೆ ಅಂತ ಹೇಳಿದ್ರು. ಅಡಿಯಲ್ಲಿದ್ದವರ ಸ್ವರವನ್ನು ಬರ್ಫು ತಿಂದು ಹಾಕ್ತದೆ. ಸ್ವರ ಹರಳುಗಳ ಎಡೆಯ ಗಾಳಿಗೆ ಹೊಕ್ಕಿ ಅಲ್ಲೇ ಸಾಯ್ತದೆ. ಮೇಲಿದ್ದವರ ಕಿವಿಯಲ್ಲಿ ಗಾಳಿಯ ಸದ್ದು, ಪಿಕ್ಕಾಸಿನ ಸದ್ದು. ಆದ್ರೆ ಅಡಿಯಲ್ಲಿದ್ದವನಿಗೆ ಬೇರೆ ಸದ್ದೇ ಇಲ್ಲ. ಮೇಲಿನವರು ಆಡುದು ಅವನಿಗೆ ಕೇಳ್ತದೆ. ಬದುಕಿ ಬಂದವರು ಹೇಳಿದ್ದಾರಂತೆ."

ಕನ್ನಡಿಯನ್ನು ಕಿಸೆಗೆ ಹಾಕುತ್ತಾ ಅಂದರು: "ನಾಳೆ ಬರ್ತೇನೆ ಅಂದದ್ದು ಅವನಿಗೆ ಕೇಳಿದೆ."

ನಾನು ಒನಕೆಯ ತುಂಡು ತೆಗೆದುಕೊಂಡು ಉಪ್ಪು ಕುಟ್ಟುವುದನ್ನು ಮುಂದುವರಿಸಿದೆ.

"ಅಮ್ಮನಿಗೆ ಹೇಳುದಾ?" ಎಂದು ಕೇಳಿದರು.

"ಹೇಳಿದ್ರೆ ಅಮ್ಮ ಇರ್ತಾಳಾ?" ಎಂದೆ.

ಹೇಳದಿದ್ದರೆ ಅಣ್ಣ ಹೊರಗೇ ನಿಂತಿರುತ್ತಾನೆ. ಇಬ್ಬರಿಗೂ ಅದು ಗೊತ್ತಿತ್ತು. ಆ ದಿನದ ನಂತರ ಅವರು ಎಷ್ಟೋ ಸಲ ಹೇಳಲೆಂದೇ ಒಳಗೆ ಬಂದು, ಚಹಾ ಕುಡಿದು, ಹಾಗೆಯೇ ಎದ್ದು ಹೋದರು. ನನಗೆ ಬಂದ ಸಂಬಂಧಗಳು ಸೂತಕ ಕಳೆಯದ ಮನೆ ಎಂದು ಹಿಂದೆ ಹೋದವು. ಅವರಿಗೆ ಹೆಣ್ಣು ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಅದರ ಬಗ್ಗೆ ನಾವಿಬ್ಬರೂ ಮಾತಾಡಿದವರಲ್ಲ.

ಅಮ್ಮ ಕಾದಳು. ಪ್ರತಿ ಬೇಸಿಗೆಯಲ್ಲೂ, ಅಲ್ಲಿ ಈಗ ಕರಗುವ ಕಾಲ ಅಲ್ವಾ ಮಗಾ, ಎಂದು ಅವರನ್ನು ಕೇಳುತ್ತಿದ್ದಳು. ಹೌದಮ್ಮ ಎನ್ನುತ್ತಿದ್ದರು. ವರ್ಷಗಳು ಹೋದ ಮೇಲೆ, ಮಳೆಗಾಲದ ಒಂದು ಬೆಳಿಗ್ಗೆ ನಾನು ಒಲೆ ಉರಿಸುತ್ತಿರುವಾಗ ಅಮ್ಮ ಹೊಸ ಸೀರೆ ಉಟ್ಟು, ಅಣ್ಣನ ಬಟ್ಟೆಯ ಒಂದು ಗಂಟು ಕಂಕುಳಲ್ಲಿಟ್ಟು, ಹಿತ್ತಿಲಿನ ಪಿಕ್ಕಾಸು ಹಿಡಿದು ಹೋಗಿ ಬಸ್ಸಿನ ಬೆಂಚಿನಲ್ಲಿ ಕೂತಳು. ನಾನು ಹಿಂದೆಯೇ ಓಡಿದೆ.

"ನೀನು ಎಲ್ಲ ಊರಿಗೂ ಬಸ್ಸು ಕೂಗ್ತಿ," ಎಂದಳು ಅವರಿಗೆ. "ಅಲ್ಲಿಗೂ ಒಂದು ಕೂಗು. ನನಗೆ ಇನ್ನು ಕಾಯ್ಲಿಕ್ಕೆ ಆಗುದಿಲ್ಲ. ಮಲಗಿದವನನ್ನು ಎಬ್ಬಿಸಿಕೊಂಡು ಬರ್ತೇನೆ."

ಬಂಟ್ವಾಳದ ಬಸ್ಸು ನಿಂತಿತ್ತು. ಕಿಟಕಿಗಳಲ್ಲಿ ಮುಖಗಳು. ಡ್ರೈವರು ಹಾರ್ನು ಒತ್ತಲಿಲ್ಲ. ಅವರು ನನ್ನನ್ನು ನೋಡಿದರು.

"ತಂಗೀ, ಆ ಮರಿಗೆ ತೆಗೆದುಕೊಂಡು ಬಾ."

ನಾನು ತಂದುಕೊಟ್ಟೆ. ಆ ಮಳೆಗಾಲಕ್ಕೂ ಅದರಲ್ಲಿ ಉಪ್ಪು ಗಟ್ಟಿ ಕಟ್ಟಿತ್ತು. ಅವರು ಅಮ್ಮನ ಕಾಲ ಬುಡದಲ್ಲಿ ನೆಲದ ಮೇಲೆ ಕೂತು, ಅಮ್ಮನ ಕೈ ಹಿಡಿದು, ಬೆರಳುಗಳನ್ನು ಆ ಗಟ್ಟಿಯ ಮೇಲೆ ಇಟ್ಟು ಎಲ್ಲವನ್ನೂ ಹೇಳಿದರು. ಹೊದಳು ಬೇರೆ, ಇದು ಬೇರೆ ಎಂದರು. ಕೂಗಿದ್ದನ್ನು ಹೇಳಿದರು, ನಾಳೆ ಬರುತ್ತೇನೆ ಅಂದದ್ದನ್ನೂ ಹೇಳಿದರು. ಅಮ್ಮ ಉಗುರಿನಿಂದ ಉಪ್ಪಿನ ಗಟ್ಟಿಯನ್ನು ಕೆರೆದಳು. ಮತ್ತೆ ಕೆರೆದಳು. ಉಗುರಿನ ಎಡೆಗೆ ನಾಲ್ಕು ಹರಳು ಬಂತು, ಅಷ್ಟೇ.

"ಬೆಚ್ಚಗೆ ಇರ್ಲಿಲ್ಲ ಹಾಗಾದ್ರೆ."

"ಇರ್ಲಿಲ್ಲಮ್ಮ."

ಅಮ್ಮ ಅಳಲಿಲ್ಲ. ಪಿಕ್ಕಾಸನ್ನು ಅವರ ಕಡೆಗೆ ಸರಿಸಿದಳು.

"ಬೊಜ್ಜ ಮಾಡುವ. ಆದ್ರೆ ನೀನೇ ಕರಿಬೇಕು. ಬೇರೆ ಯಾರು ಕರೆದ್ರೂ ಅವ ಬರ್ಲಿಕ್ಕಿಲ್ಲ. ನಾಳೆ ಬರ್ತೇನೆ ಅಂತ ಹೇಳಿದ್ದು ನೀನು. ನಿನ್ನನ್ನೇ ಕಾಯ್ತಾ ಇರ್ತಾನೆ."

ಕುಟುಂಬದವರಲ್ಲದವರು ಕರೆಯುವ ಕ್ರಮವಿಲ್ಲವೆಂದು ಮಾವ ತಕರಾರು ಎತ್ತಿದರು. ಹಾಗಾದರೆ ಬೊಜ್ಜವೇ ಬೇಡ ಎಂದಳು ಅಮ್ಮ. ಮಾವ ಒಪ್ಪಿದರು. ಹುಲ್ಲಿನ ಗೊಂಬೆ ಬೇಗ ಉರಿದುಹೋಯಿತು. ಅದರಲ್ಲಿ ಸುಡಲಿಕ್ಕೆ ಏನಿತ್ತು?

ಕರೆಯುವ ದಿನ ಅವರು ಹೊಸ್ತಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತರು. ಅಣ್ಣನ ಹೆಸರು ಹಿಡಿದು ಕೂಗಿದರು. ಬಸ್ಸಿಗೆ ಕೂಗುವ ಸ್ವರವಲ್ಲ ಅದು. ನಾನು ಅವರಿಂದ ಅಂಥ ಸ್ವರವನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. "ಉಲಾಯಿ ಬಲ," ಒಳಗೆ ಬಾ, ಎಂದು ಮತ್ತೆ ಮತ್ತೆ ಕರೆದರು. ರಸ್ತೆಯಲ್ಲಿ ಹೋಗುವವರು ನಿಂತರು. ಆಮೇಲೆ ಅವರು ಕೈ ಎತ್ತಿ, ತಲೆ ಓರೆ ಮಾಡಿ, ಕಿವಿಯನ್ನು ನೆಲದ ಕಡೆಗೆ ಬಾಗಿಸಿದರು. ಬಸ್‌ಸ್ಟ್ಯಾಂಡಿನವರು ದಿನವೂ ನೋಡಿ ನಗುತ್ತಿದ್ದದ್ದು ಅದನ್ನೇ. ಅಂದು ಯಾರೂ ನಗಲಿಲ್ಲ.

"ಬಾಗಿಲು ಹಾಕುವ," ಎಂದರು ಮಾವ ಮೆಲ್ಲಗೆ.

"ನಿಲ್ಲು," ಎಂದಳು ಅಮ್ಮ.

ಎಲೆಯ ಮೇಲಿನ ಅನ್ನದ ಹಬೆ ನಿಂತಿತು. ಅವರ ಕೈ ಇಳಿಯಲಿಲ್ಲ.

"ಬಂದನಾ ಮಗಾ?"

ಅವರು ಅಮ್ಮನನ್ನು ನೋಡಿದರು. "ಬಂದ ಅಮ್ಮ," ಎಂದರು. ಕೈ ಇಳಿಸಿದರು. ಮಾವ ಬಾಗಿಲು ಮುಚ್ಚಿದರು.

ಅಣ್ಣ ಒಳಗೆ ಬಂದ ಮೇಲೆ ಅಮ್ಮನಿಗೆ ಮಾಡಲು ಏನೂ ಉಳಿಯಲಿಲ್ಲ. ಬಸ್ಸು ಬಂದರೆ ತಲೆ ಎತ್ತಿ ನೋಡುವುದನ್ನು ಬಿಟ್ಟಳು. ಊಟವನ್ನೂ ನಿಧಾನವಾಗಿ ಬಿಟ್ಟಳು. ಬೆಳ್ತಂಗಡಿಯ ಡಾಕ್ಟರರು ರೋಗ ಏನೂ ಇಲ್ಲ ಎಂದರು. ಮುಂದಿನ ಮಳೆಗಾಲದ ಮೊದಲೇ ತೀರಿಹೋದಳು. ಅವಳನ್ನು ಒಳಗೆ ಕರೆದದ್ದು ಮಾವ. ಇವರು ಆ ದಿನ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು, ಈಚೆಗೆ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ದಿನ ನಾನೇ ಚಹಾ ತೆಗೆದುಕೊಂಡು ಬೆಂಚಿನ ಹತ್ತಿರ ಹೋದೆ. ಕೇಳಬಾರದಿತ್ತೇನೋ, ಕೇಳಿದೆ.

"ಅಣ್ಣ ಬಂದದ್ದು ಹೌದಾ? ನಿಮಗೆ ಕೇಳಿತಾ?"

ಅವರು ಚಹಾವನ್ನು ಪಕ್ಕದಲ್ಲಿಟ್ಟರು.

"ಏನೂ ಕೇಳ್ಲಿಲ್ಲ ತಂಗೀ. ಅಲ್ಲಿಯೂ ಕೇಳ್ಲಿಲ್ಲ, ಇಲ್ಲಿಯೂ ಕೇಳ್ಲಿಲ್ಲ. ಅಮ್ಮನ ಹತ್ರ ಬೆಚ್ಚಗೆ ಇದ್ದದ್ದು ಅದೊಂದೇ ಮಾತು. ಕೊಟ್ಟದ್ದೂ ನಾನು, ತೆಗೆದದ್ದೂ ನಾನು."

ಅಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೂ ಅವರು ನಂಬುವವರಲ್ಲ. ಅದರ ನಂತರ ಅವರು ಬಸ್ಸಿಗೆ ಕೂಗುವಾಗ ತಲೆ ಓರೆ ಮಾಡುವುದನ್ನು ಬಿಟ್ಟರು. ಕೂಗಿ, ಕೂಡಲೇ ಬಸ್ಸಿಗೆ ಬಡಿಯುತ್ತಿದ್ದರು. ಈಗ ಸರಿಯಾದ ನೋಡು ಮಿಲಿಟ್ರಿ ಎಂದರು ಡ್ರೈವರುಗಳು. ಭೂತಕನ್ನಡಿ ಎಲ್ಲಿ ಹೋಯಿತೋ ತಿಳಿಯದು. ಕಾಲಿನ ಹಳೆಯ ಗಾಯ ಮತ್ತೆ ಬಿರಿದು ಜ್ವರ ಬಂತು. ಕೊಕ್ಕಡದಿಂದ ತಂಗಿಯ ಮಗ ಬಂದು ಕರೆದುಕೊಂಡು ಹೋದ. ಬಸ್ಸಿನ ಕಿಟಕಿಯಿಂದ ಅವರು ನಮ್ಮ ಹೋಟೆಲಿನ ಕಡೆಗೆ ನೋಡಿದರು. ಬರುತ್ತೇನೆ ಎಂದು ಹೇಳಲಿಲ್ಲ. ಆ ಮಾತನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ.

ಅವರನ್ನು ಒಳಗೆ ಕರೆಯುವ ದಿನ ನಾನು ಕೊಕ್ಕಡಕ್ಕೆ ಹೋದೆ. ಮನೆಯವರು ಯಾರೆಂದು ಕೇಳಿದರು, ಗುರುವಾಯನಕೆರೆಯ ಹೋಟೆಲಿನವಳು ಎಂದೆ. ತಂಗಿಯ ಮಗ ಹೊಸ್ತಿಲಲ್ಲಿ ನಿಂತು, ನಾಚಿಕೆಯಿಂದ, ಪಕ್ಕದ ಕೋಣೆಯವರನ್ನು ಊಟಕ್ಕೆ ಕರೆಯುವ ಹಾಗೆ ಮೆಲ್ಲಗೆ ಕರೆದ. ಕರೆದವನೇ ಬಾಗಿಲು ಎಳೆದುಕೊಂಡ. ಅಂಗಳದಲ್ಲಿ ನಿಂತ ಗಂಡಸರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ರಬ್ಬರು ಸಸಿಯ ಮಾತು ಎತ್ತಿದರು.

ಅಷ್ಟು ಮೆಲ್ಲಗೆ ಕರೆದದ್ದು ಅವರಿಗೆ ಕೇಳಿದೆಯೇ ಎಂಬ ಸಂಶಯ ನನಗೆ ಬರಲಿಲ್ಲ. ಕೇಳಿರುತ್ತದೆ. ಆ ಕಡೆ ಇರುವವರಿಗೆ ಬೇರೆ ಸದ್ದಿಲ್ಲ. ನಾನು ಬಾವಿಕಟ್ಟೆಯ ಹತ್ತಿರ ಹೋಗಿ, ಯಾರಿಗೂ ಕಾಣದ ಹಾಗೆ ತಲೆಯನ್ನು ಓರೆ ಮಾಡಿ, ಕಿವಿಯನ್ನು ನೆಲದ ಕಡೆಗೆ ಬಾಗಿಸಿ ನಿಂತೆ. ಮನೆಯವರು ಬಾಗಿಲು ತೆರೆಯುವವರೆಗೂ ನಿಂತೆ.

ಏನೂ ಕೇಳಲಿಲ್ಲ.